ಮುಳ್ಳು ಹಾಕಿದ ಬಾಗಿಲು

ನಾನು ಒಂದು ಬಾಗಿಲು. ದೆವ್ವದ ಮನೆ ಎಂದು ಹನ್ನೊಂದು ವರ್ಷ ಉಗಿಸಿಕೊಂಡ ಮನೆಯ ಬಾಗಿಲು. ಆ ಮನೆಯ ಬಗ್ಗೆ ಬಾಯಿದ್ದವರೆಲ್ಲ ಮಾತಾಡಿದ್ದಾರೆ. ಕಂಡದ್ದನ್ನು ಈಗ ನಾನು ಹೇಳುತ್ತೇನೆ.

ಮೊದಲು ನಾನು ಕೆರೆಯ ಹಿಂದಿನ ಹಲಸಿನ ಮರವಾಗಿದ್ದೆ. ವೀರಾಚಾರಿ ಎಂಬ ಬಡಗಿ ನನ್ನನ್ನು ಕೊಯ್ದು, ಕೆತ್ತಿ, ನಿಲ್ಲಿಸಿದ. ಹೊರಗೊಂದು ಒಳಗೊಂದು ಸರಪಳಿ ಚಿಲಕ ಹಾಕಿದ. ಎರಡೂ ಒಂದೇ ಕುಲುಮೆಯ ಅವಳಿಗಳು. ನನ್ನ ಮೈಗೆ ಬಡಿದರೆ ಎರಡರದ್ದೂ ಒಂದೇ ಸದ್ದು.

ಮನೆಯೊಡತಿ ದ್ಯಾವಾಜಮ್ಮ, ಊರಿನ ಸೂಲಗಿತ್ತಿ. ಗಂಡ ತೀರಿಕೊಂಡಿದ್ದ. ಒಬ್ಬಳೇ ಮಗಳು ಸಾಕಮ್ಮನನ್ನು ದೂರದ ಊರಿಗೆ ಕೊಟ್ಟಿದ್ದಳು. ಯಾರಿಗೆ ಹೆರಿಗೆ ನೋವು ಬಂದರೂ ಅವರ ಮನೆಯವರು ಬಂದು ಹೊರಗಿನ ಚಿಲಕ ಬಡಿಯುತ್ತಿದ್ದರು. ಉಣ್ಣುತ್ತಿದ್ದರೂ ಕೈ ತೊಳೆದು ಎದ್ದು ಬರುತ್ತಿದ್ದಳು. ಒಳಗಿನ ಚಿಲಕ ತೆಗೆದು, ಅದು ನೇತಾಡದಂತೆ ನನ್ನ ಮೈಮೇಲಿನ ಮೊಳೆಗೆ ಸಿಕ್ಕಿಸಿಯೇ ಹೊರಡುತ್ತಿದ್ದಳು.

ಅದೊಂದು ಸಂತೆಯ ದಿನ, ನಡುಮಧ್ಯಾಹ್ನ. ಮೂರು ದಿನದಿಂದ ಅವಳಿಗೆ ಜ್ವರ. ಎದುರುಮನೆಯ ಮೂಡ್ಲಯ್ಯ ಬಂದು ಚಿಲಕ ಬಡಿದ.

"ಅಕ್ಕಾ, ಏಳಕ್ಕೋ! ನಮ್ಮವಳಿಗೆ ನೋವು ಬಂದೈತೆ!"

"ಮೈ ಸುಡ್ತೈತೆ ಕಣೋ. ಕೆಳಗಿನ ಬೀದಿ ರಂಗಮ್ಮನ್ನ ಕರ್ಕೊಂಡೋಗು."

"ನಿನ್ ಕೈಗುಣ ಅವಳಿಗೆಲ್ಲೈತೆ? ಸಾಯೋ ಹಂಗೆ ಆಡ್ಬೇಡ, ಬಾರಕ್ಕ!"

ಎದ್ದಳು. ಗೋಡೆ ಹಿಡಿದು ಬಂದು ಚಿಲಕ ತೆಗೆದಳು. ಮೊಳೆಗೆ ಸಿಕ್ಕಿಸಲು ಕೈ ಎತ್ತಿದವಳು ನನ್ನ ಮೇಲೆ ಒರಗಿದಳು. ಹಾಗೆಯೇ ಜಾರಿದಳು. ಅಷ್ಟೇ. ಅದನ್ನು ಕಂಡ ಮೂಡ್ಲಯ್ಯ ಕೆಳಗಿನ ಬೀದಿಗೆ ಓಡಿದ. ಅವನ ಮಗು ರಂಗಮ್ಮನ ಕೈಯಲ್ಲಿ ಸುಖವಾಗಿ ಹುಟ್ಟಿತು.

ಕೆಟ್ಟ ನಕ್ಷತ್ರದಲ್ಲಿ ಜೀವ ಹೋಗಿದೆ, ಮೂರು ತಿಂಗಳು ಮನೆ ಬಿಡಬೇಕು ಎಂದರು ಶಾಸ್ತ್ರಿಗಳು. ಮಣ್ಣು ಮಾಡಿ ಬಂದವರು ನನಗೆ ಹೊರಗಿನಿಂದ ಬೀಗ ಜಡಿದು, ಅಡ್ಡಲಾಗಿ ಜಾಲಿಮುಳ್ಳು ಹಾಕಿದರು. ಅದು ಪದ್ಧತಿ, ಇರಲಿ. ಆದರೆ ಮುಳ್ಳು ತರಲು ಓಡಿದ ಅಷ್ಟು ಜನರಲ್ಲಿ ಒಳಗೆ ನೇತಾಡುತ್ತಿದ್ದ ಸರಪಳಿಯನ್ನು ನೋಡಿದವನು ಒಬ್ಬನೂ ಇಲ್ಲ.

ಒಳಗೆ ಕತ್ತಲು. ಗವಾಕ್ಷಿಯಿಂದ ಬಿಸಿಲು ಕೋಲಿನಂತೆ ಇಳಿದು, ನೆಲದ ಮೇಲೆ ತೆವಳಿ, ಒಲೆಯ ತನಕ ಹೋಗಿ ಆರುತ್ತಿತ್ತು. ಧೂಳು ಅದರಲ್ಲಿ ತೇಲುತ್ತಿತ್ತು. ನಾನು ಮತ್ತೆ ಮರವಾದಂತೆ, ಮೈತುಂಬ ಹಲಸು ಬಿಟ್ಟಂತೆ ಕನಸು ಕಾಣುತ್ತಿದ್ದೆ. ಗಾಳಿ ಬಂದರೆ ಸರಪಳಿ ತೂಗಿ ನನ್ನ ಎದೆಗೆ ತಾಗುತ್ತಿತ್ತು. ಟಕ್. ಟಕ್. ಆ ಮಂಪರಿನಲ್ಲಿ ನನಗೂ, ಈಗ ಅವಳು ಎದ್ದು ಬರುತ್ತಾಳೆ ಅನ್ನಿಸುತ್ತಿತ್ತು.

ಹೊರಗಿನವರಿಗೆ ಅದೇ ಸಾಕಾಯಿತು. ಸೂಲಗಿತ್ತಿ ಒಳಗಿನಿಂದ ಬಾಗಿಲು ಬಡಿಯುತ್ತಿದ್ದಾಳೆ ಎಂದರು. ನೇಣು ಹಾಕಿಕೊಂಡಳು ಎಂದರು. ಯಾವುದೋ ಕೂಸನ್ನು ಕೊಂದ ಪಾಪ ಎಂದರು, ಅವಳ ಕೈಯಲ್ಲೇ ಹುಟ್ಟಿದ ಮುಂಡೇವು! ಮೂಡ್ಲಯ್ಯ ಮಾತ್ರ ಏನೂ ಹೇಳಲಿಲ್ಲ. ಕೇಳಿದವರಿಗೆ ಗೊತ್ತಿಲ್ಲವೆಂದು ತಲೆಯಾಡಿಸಿದ. ಮೂರು ತಿಂಗಳು ಕಳೆದರೂ ಮುಳ್ಳು ತೆಗೆಯಲು ಯಾರೂ ಬರಲಿಲ್ಲ. ಅಳಿಯನೂ ಹೆದರಿ ಸಾಕಮ್ಮನನ್ನು ಕಳಿಸಲಿಲ್ಲ.

ಹನ್ನೊಂದನೇ ವರ್ಷ ಒಂದು ದಿನ ಸಾಕಮ್ಮ ಕುಡುಗೋಲು ಹಿಡಿದು ತಾನೇ ಬಂದಳು. ಅವಳ ಮಗಳಿಗೆ ನಿಶ್ಚಯವಾಗಿದ್ದ ಗಂಡು, ದೆವ್ವದ ಮೊಮ್ಮಗಳು ಬೇಡ ಎಂದು ಹಿಂದೆ ಸರಿದಿದ್ದ. ಮುಳ್ಳು ಕಡಿದು ಎಸೆದಳು. ಬೀದಿ ಸೇರಿತು. ಗಾಳಿ ಬೀಸಿತು. ಟಕ್, ಟಕ್.

"ಕೇಳ್ತಾ ತಾಯಿ? ಮುಟ್ಬೇಡ!" ಎಂದು ಯಾರೋ ಕೂಗಿದರು.

ಸಾಕಮ್ಮ ಬೀಗ ಒಡೆದು ನನ್ನನ್ನು ನೂಕಿದಳು. ನೇತಾಡುವ ಸರಪಳಿಯನ್ನು ನೋಡಿದಳು, ಮೊಳೆಯನ್ನು ನೋಡಿದಳು. ಸಿಕ್ಕಿಸಿದಳು. ಗಾಳಿ ಇತ್ತು, ಸದ್ದಿಲ್ಲ.

"ಇದಕ್ಕೇನ್ರೋ ನಮ್ಮವ್ವನ್ನ ದೆವ್ವ ಮಾಡಿದ್ದು?"

"ದೆವ್ವನ ಕಟ್ಟಾಕಿದ್ಲು ಬಿಡು" ಎಂದಿತು ಗುಂಪಿನಲ್ಲೊಂದು ದನಿ. ನೋಡಿ, ಇವರ ಬುದ್ಧಿ.

ಅವ್ವ ಸತ್ತ ದಿನವೇ ಮೂಡ್ಲಯ್ಯನ ಮನೆಯಲ್ಲಿ ಹೆರಿಗೆಯಾದದ್ದು ಸಾಕಮ್ಮನಿಗೆ ಗೊತ್ತಿತ್ತು. ಅವನ ರಟ್ಟೆ ಹಿಡಿದು ಎಳೆತಂದಳು. ತಾನು ಒಳಗೆ ನಿಂತು ನನ್ನನ್ನು ಮುಚ್ಚಿಕೊಂಡಳು. "ಮೂಡ್ಲಣ್ಣ, ಹೊರಗಿನ ಚಿಲಕ ಬಡಿ. ಎಲ್ಲಾರ ಮುಂದೆ ಬಡಿ."

ಅವನು ಬಡಿದ. ಅದೇ ಸದ್ದು. ಇನ್ನೊಮ್ಮೆ ಬಡಿದ. ಆಮೇಲೆ ಚಿಲಕ ಕೈಯಲ್ಲೇ ಹಿಡಿದು, ಹಳೆಯ ಅಭ್ಯಾಸದಂತೆ, ಕಾಯುತ್ತಾ ನಿಂತ.

"ಇಲ್ಲ ಕಣ್ರಪ್ಪ" ಎಂದ ಕೊನೆಗೆ. "ಅಕ್ಕ ಇಲ್ಲಿಲ್ಲ. ದೆವ್ವವಾಗಿದ್ರೂ ಇಷ್ಟೊತ್ಗೆ ಎದ್ದು ಬಂದಿರೋಳು. ಜ್ವರ ಇತ್ತು ಅವಳಿಗೆ. ನಾನೇ ಬಡಿದು ಎಬ್ಬಿಸ್ದೆ. ಈ ಬಾಗಿಲಿಗೇ ಒರಗಿ ಸತ್ಲು. ನೋಡ್ದೆ. ಹೇಳ್ಲಿಲ್ಲ."

ಗುಂಪು ಕರಗಿತು. ಆ ವಾರವೇ ಮೂಡ್ಲಯ್ಯ ಗಂಡಿನ ಮನೆಗೆ ನಡೆದು ಹೋಗಿ ಅದೇ ಮಾತು ಹೇಳಿ ಬಂದ. ಮದುವೆ ಆಯಿತು. ಮರುವರ್ಷ ಆ ಹುಡುಗಿಯ ಬಾಣಂತನ ಈ ಮನೆಯಲ್ಲೇ ನಡೆಯಿತು.

ಈಗ ನನಗೆ ಗೆದ್ದಲು ಹಿಡಿದಿದೆ. ಹೊಸ ಬಾಗಿಲು ಬಂದಿದೆ. ನನ್ನನ್ನು ಹಿತ್ತಲ ಗೋಡೆಗೆ ಒರಗಿಸಿದ್ದಾರೆ. ಚಿಲಕಗಳೆರಡೂ ತುಕ್ಕು ಹಿಡಿದು ಉದುರಿವೆ. ನನಗೂ ಒಂದು ತಪ್ಪಿದೆ: ಅವಳ ಹೆಸರು ಕೆಡಿಸಿದ ಸದ್ದು ನನ್ನ ಎದೆಯಿಂದಲೇ ಹೊರಟದ್ದು. ಮಧ್ಯಾಹ್ನದ ಬಿಸಿಲಿಗೆ ಮಂಪರು ಬಂದಾಗ ಈಗಲೂ ಯಾರೋ ಬಡಿದಂತಾಗುತ್ತದೆ. ನಾನು ಮನಸ್ಸಿನಲ್ಲೇ ಹೇಳುತ್ತೇನೆ: ಮಲಗು ತಾಯಿ, ಏಳಬೇಡ. ರಂಗಮ್ಮ ಹೋಗುತ್ತಾಳೆ.