ಊಟಕ್ಕೆ ಮೊದಲು ಒಂದು ಗುಳಿಗೆ ಜಾಸ್ತಿ

ನಮ್ಮ ಹಟ್ಟಿಕೇರಿಯಲ್ಲಿ ನಲವತ್ತು ದಾಟಿದವರೊಳಗೆ ಸಕ್ಕರೆ ಕಾಯಿಲೆ ಇಲ್ಲದವರನ್ನು ಹುಡುಕಿ ತೆಗೆಯಬೇಕು. ಸಿಕ್ಕರೆ ಅವರಿಗೆ ಬಿಪಿ ಇರುತ್ತದೆ. ಎರಡೂ ಇಲ್ಲವೆಂದರೆ ಅವರು ಇನ್ನೂ ರಕ್ತ ಪರೀಕ್ಷೆಗೆ ಹೋಗಿಲ್ಲ ಎಂದೇ ಅರ್ಥ. ನನಗೂ ಬಿಪಿ ಇದೆ. ಈ ಜನರ ನಡುವೆ ಬದುಕಿದರೆ ಇನ್ನೇನು ಬರುತ್ತದೆ?

ಕಾಯಿಲೆ ಬಂತೆಂದು ಯಾರೂ ನಾಚಬೇಕಿಲ್ಲ. ಆದರೆ ಇವರಿಗೆ ಅದೊಂದು ಪದವಿ. ಮೊಸರಿಗೆ ಹೆಪ್ಪು ಕೇಳಿದ ಹಾಗೆ ಮನೆಯಿಂದ ಮನೆಗೆ ಗುಳಿಗೆ ಕೇಳುತ್ತಾರೆ. ಬೆಲ್ಲ ಸುರಿದ ಇಶಾಡ ಮಾವಿನ ರಸಾಯನ ಬಡಿಸುವ ಮನೆಗೆ ಹೊರಟರೆ ಒಂದು ಗುಳಿಗೆ ಜಾಸ್ತಿ ನುಂಗುವುದು ಇಲ್ಲಿಯ ಗಂಡಸರು ಕಂಡುಹಿಡಿದ ವೈದ್ಯವಿದ್ಯೆ. ಇದರ ಗುರು ಪಕ್ಕದ ಮನೆಯ ಜಗದೀಶ. ಶಿಷ್ಯ ನನ್ನ ಗಂಡ ರಾಮನಾಥ. ಕಾರವಾರದ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು, ಹೆಂಡತಿಯದು ಬಿಟ್ಟು ಊರಿನವರ ಮಾತೆಲ್ಲ ಕೇಳುವವರು.

ಮೇ ತಿಂಗಳಲ್ಲಿ ಅಗಸೂರಿನ ಸಂಬಂಧಿಕರ ಗೃಹಪ್ರವೇಶಕ್ಕೆ ಜಗದೀಶ ದಂಪತಿಯ ಜೊತೆ ಹೊರಟೆವು. ರಾಮನಾಥ ಬೆಳಗಿನ ತಿಂಡಿ ಮುಟ್ಟಲಿಲ್ಲ. ತಮ್ಮದೊಂದು, ಜಗದೀಶ ಕೊಟ್ಟದ್ದೊಂದು ಗುಳಿಗೆ ನುಂಗಿ, "ಹೊಟ್ಟೇಲಿ ಜಾಗ ಬೇಕಲ್ಲ ಮಾರಾಯ್ತಿ" ಎಂದರು. ಅಲ್ಲಿ ನೋಡಿದರೆ ಭಟ್ಟರು ತಡವಾಗಿ ಬಂದು ಪೂಜೆ ಎಳೆಯಿತು. ಮಧ್ಯಾಹ್ನ ಕಳೆದರೂ ಎಲೆ ಹಾಕಲಿಲ್ಲ.

ಚಪ್ಪರದಲ್ಲಿ ಕುಳಿತಿದ್ದ ರಾಮನಾಥ ಒಮ್ಮೆಲೇ ಬೆವರಿದರು. ಕೈ ನಡುಗಿತು. ನನ್ನ ಮುಖ ನೋಡಿ "ನೀ ಯಾರು?" ಎಂದರು. ನನ್ನ ಜೀವ ಬಾಯಿಗೆ ಬಂತು. ಎರಡು ಗುಳಿಗೆ, ಖಾಲಿ ಹೊಟ್ಟೆ. ಸಕ್ಕರೆ ಪಾತಾಳಕ್ಕೆ ಇಳಿದಿದೆ ಎಂದು ತಿಳಿಯಲು ಡಾಕ್ಟರೇ ಬೇಕೆ? ಅಡುಗೆಯವರ ಹತ್ತಿರ ಓಡಿ ಒಂದು ಲೋಟ ರಸಾಯನ ತಂದೆ.

ಜಗದೀಶ ಅಡ್ಡ ನಿಂತ. "ಏ ಅತ್ಗೆ, ನಿಂಗೆ ಮಂಡೆ ಸಮ ಇಲ್ವಾ? ಸಕ್ಕರೆ ಇದ್ದವಂಗೆ ಸಿಹಿ ಕುಡಿಸೂದಾ? ಅಂವ ಸತ್ತೇ ಹೋಗ್ತಾ!"

"ಹೌದೌದು, ನಂಗೂ ಸಕ್ಕರೆ ಇದೆ, ನಂಗೆ ಗೊತ್ತು" ಎಂದಳು ಅವನ ಹೆಂಡತಿ ಸಂಧ್ಯಾ. ಒಬ್ಬರು ಮೆಂತೆ ನೀರು ಎಂದರು, ಇನ್ನೊಬ್ಬರು ಹಾಗಲಕಾಯಿ ರಸ ಎಂದರು. ಚಪ್ಪರದ ತುಂಬ ರೋಗಿಗಳು, ಒಬ್ಬೊಬ್ಬರೂ ದೊಡ್ಡ ಡಾಕ್ಟರು. ಥೂ!

"ಸರಿ ಆಚೆ! ನಿನ್ ಗುಳಿಗೆ ತಿಂದೇ ಹಿಂಗಾದ್ದು" ಎಂದು ಅವನನ್ನು ನೂಕಿದೆ. ಗುಟುಕು ಗುಟುಕಾಗಿ ಕುಡಿಸಿದೆ. ರಾಮನಾಥ ನುಂಗಿದರು. ಸ್ವಲ್ಪ ಹೊತ್ತಿಗೆ ಕಣ್ಣು ತಿಳಿಯಾಗಿ, "ಜಯಂತಿ" ಎಂದರು. ನಾನು ಎಲ್ಲರೆದುರು ಅತ್ತುಬಿಟ್ಟೆ. ಅಂಥವರೆದುರು ಅತ್ತೆನಲ್ಲ ಎಂದು ನನಗೆ ಇನ್ನೂ ಸಿಟ್ಟಿದೆ.

ವಾಪಸು ಬರುವಾಗ ತೋರಿಸಿದ ಅಂಕೋಲೆಯ ಡಾಕ್ಟರು, ರಸಾಯನ ಕುಡಿಸಿದ್ದರಿಂದಲೇ ಉಳಿದರು ಎಂದರು. ನಾವು ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಜಯಂತಿ ಸಕ್ಕರೆ ಇರುವ ಗಂಡನಿಗೆ ಸಿಹಿ ಕುಡಿಸಿ ಕೊಲ್ಲುವುದರಲ್ಲಿದ್ದಳಂತೆ, ಪುಣ್ಯಕ್ಕೆ ಜಗದೀಶ ತಡೆದನಂತೆ!

ಮರುದಿನ ಬೆಳಿಗ್ಗೆ ಆ ಜಗದೀಶ ಬಾಗಿಲಿಗೆ ಬಂದ. "ಅತ್ಗೆ, ರಾಮಣ್ಣಂದು ಒಂದು ಗುಳಿಗೆ ಕೊಡು. ಸುಂಕಸಾಳದಲ್ಲಿ ಮದುವೆ ಊಟ ಉಂಟು. ನಂದು ನಿನ್ನೆ ಅಂವಂಗೇ ಕೊಟ್ಟೆ."

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ರಾಮನಾಥ ಕೂಗಿದರು. "ಕೊಡೇ ಪಾಪ. ನಿನ್ನೆ ಅಂವ ಅಡ್ಡ ಬರದೇ ಇದ್ರೆ ನೀ ನಂಗೆ ಇನ್ನೂ ಒಂದು ಲೋಟ ಕುಡಿಸ್ತಿದ್ದೆ."