ಖುಷಿಯಿಂದ ಬಿಟ್ಟುಕೊಟ್ಟ ಊರು

ಚಳಿಗಾಲದ ಜಾಗತಿಕ ಕ್ರೀಡಾಕೂಟ ನಗರಕ್ಕೆ ಬರುತ್ತದೆಂದು ಗೊತ್ತಾದ ವರ್ಷವೇ ಬೆಟ್ಟದ ಬುಡದ ಹನ್ನೊಂದು ಮನೆಗಳಿಗೆ ನೋಟಿಸು ಬಂತು. ಹಿಮದ ಮೇಲೆ ಜಾರುವ ಸ್ಪರ್ಧೆಗೆ ಆ ಇಳಿಜಾರೇ ಬೇಕಂತೆ. ಮಾಲ್‌ಸುನ್ ಗಂಟುಮೂಟೆ ಕಟ್ಟಿಕೊಂಡು ಮಗಳೊಂದಿಗೆ ಪೇಟೆಯ ಅಪಾರ್ಟ್‌ಮೆಂಟಿಗೆ ಹೋದಳು. ಅವಳ ಓರಗಿತ್ತಿ ಓಕ್‌ಬುನ್ ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ. ಕೊನೆಗೆ ಪೊಲೀಸರು ಅವಳನ್ನು ಕೂತ ಚಾಪೆಯ ಸಮೇತ ಎತ್ತಿ ಹೊರಗಿಟ್ಟರು. ಇಬ್ಬರೂ ಗಂಡಂದಿರನ್ನು ಕಳೆದುಕೊಂಡವರು, ನಲವತ್ತು ವರ್ಷ ಒಂದೇ ಅಂಗಳದಲ್ಲಿ ಕೂತು ಕಿಮ್ಚಿ ಉಪ್ಪಿನಕಾಯಿ ಹಾಕಿದವರು.

ಕೂಟಕ್ಕೆ ಇನ್ನೊಂದು ವಾರವಿದೆ ಎನ್ನುವಾಗ ಕ್ರೀಡಾ ಕಚೇರಿಯ ಅಧಿಕಾರಿಯೊಬ್ಬ ಮಾಲ್‌ಸುನ್ ಮನೆಗೆ ಬಂದ. ಟಿವಿಯವರ ಮುಂದೆ ಹಳ್ಳಿಯ ಪರವಾಗಿ ಹಿರಿಯರೊಬ್ಬರು ಮಾತಾಡಬೇಕಿತ್ತು.

"ಹೆಚ್ಚೇನೂ ಬೇಡ ಅಜ್ಜಿ. ದೇಶಕ್ಕೋಸ್ಕರ ನಾವೇ ಖುಷಿಯಿಂದ ಬಿಟ್ಟುಕೊಟ್ವಿ ಅಂದ್ರೆ ಸಾಕು."

"ನಮ್ಮ ಓಕ್‌ಬುನ್ ಅಕ್ಕನ್ನ ಎತ್ತಿ ಹಾಕಿದ್ರಲ್ಲಪ್ಪ, ಅದೂ ಖುಷಿನಾ?"

ಅವನು ಟೀ ಬಟ್ಟಲನ್ನು ತಿರುಗಿಸುತ್ತ ಕೂತ. "ನಿಮ್ಮ ಮಗಳು ಹೇರಿಮ್ ನಮ್ಮ ಕಚೇರೀಲೇ ಅಲ್ವಾ ಇರೋದು? ಕೂಟ ಮುಗಿದ್ಮೇಲೂ ಕೆಲವರನ್ನ ಉಳಿಸ್ಕೋತೀವಿ."

ಅಡುಗೆಮನೆಯಲ್ಲಿ ಹೇರಿಮ್ ಸಿಂಕಿನ ನಲ್ಲಿ ಬಿಟ್ಟುಕೊಂಡು ಇತ್ತಲೇ ಕಿವಿಗೊಟ್ಟು ನಿಂತಿದ್ದಳು.

ಉದ್ಘಾಟನೆಯ ಬೆಳಿಗ್ಗೆ ಮಾಲ್‌ಸುನ್ ಗುಲಾಬಿ ಬಣ್ಣದ ರೇಷ್ಮೆ ಹಾನ್‌ಬೋಕ್ ಉಟ್ಟು ಕ್ಯಾಮೆರಾದ ಮುಂದೆ ನಿಂತಳು. ಬೆನ್ನ ಹಿಂದೆ ಮರಗಳನ್ನೆಲ್ಲ ಕಡಿದ ಬೆಟ್ಟ, ಅದರ ಮೇಲೆ ಯಂತ್ರ ಉಗುಳಿದ ಹಿಮ. ಹೇಳಿಕೊಟ್ಟದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ಸಾಲದ್ದಕ್ಕೆ ನಕ್ಕಳು. ನಗು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ಕೂಟ ಮುಗಿಯಿತು. ತಿಂಗಳೊಪ್ಪತ್ತಿನಲ್ಲಿ ಹೇರಿಮ್‌ಳ ಕೆಲಸವೂ ಮುಗಿಯಿತು. ಮಾಲ್‌ಸುನ್ ಕೇಳಲು ಹೋದರೆ, ಆ ಅಧಿಕಾರಿಗೆ ಬಡ್ತಿ ಸಿಕ್ಕಿ ರಾಜಧಾನಿ ಸೋಲ್‌ಗೆ ವರ್ಗವಾಗಿತ್ತು.

ಅವಳು ಒಂದು ಶೀಸೆ ಎಳ್ಳೆಣ್ಣೆ ಹಿಡಿದು ಓಕ್‌ಬುನ್ ಈಗ ಮಗನ ಜೊತೆಗಿದ್ದ ಬಾಡಿಗೆ ಮನೆಗೆ ಹೋದಳು. ಬಾಗಿಲು ಅರ್ಧ ತೆರೆಯಿತು.

"ಟಿವೀಲಿ ನೋಡ್ದೆ," ಅಂದಳು ಓಕ್‌ಬುನ್. "ಗುಲಾಬಿ ಬಣ್ಣ ನಿಂಗೆ ಒಪ್ಪುತ್ತೆ."

"ಮಗಳಿಗೋಸ್ಕರ ಹಾಗಂದೆ, ಅಕ್ಕಾ."

"ಉಳೀತಾ ಅವಳ ಕೆಲಸ?"

"ಇಲ್ಲ."

ಓಕ್‌ಬುನ್ ಶೀಸೆಗೆ ಕೈಯೊಡ್ಡಲಿಲ್ಲ. "ನಿನ್ನ ಮಾತು ಕೇಳಿದ್ಮೇಲೆ ನಂಗೇ ಅನುಮಾನ ಬಂತು ಕಣೇ. ಪೊಲೀಸ್ನೋರು ಎತ್ಕೊಂಡು ಹೋಗುವಾಗ ನಾನೂ ಖುಷಿಯಾಗೇ ಇದ್ನೇನೋ ಅಂತ."

ಬಾಗಿಲು ಹಾಕಿಕೊಂಡಳು, ಜೋರಾಗೇನೂ ಅಲ್ಲ.

ಮರುವರ್ಷ ಓಕ್‌ಬುನ್ ತೀರಿಕೊಂಡಳು. ಅವಳ ಮಗ ಹೇಳಿಕಳಿಸಲಿಲ್ಲ. ಮಣ್ಣು ಮಾಡಿ ನಾಲ್ಕು ದಿನವಾದ ಮೇಲೆ ಮಾಲ್‌ಸುನ್‌ಗೆ ಮೀನು ಮಾರುವವಳಿಂದ ಸುದ್ದಿ ತಿಳಿಯಿತು.