ಸಾಕು ಅಂದರೆ ಹಾಕು

ಅವನಿಗೆ ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಇರಲಿಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ ಗ್ಯಾರೇಜಿನ ಗಿರಾಕಿಗಳ ಮುಂದೆ ಅಣ್ಣನ ನಡಿಗೆಯನ್ನು ಅಣಕಿಸಿ ತೋರಿಸಿದ್ದ. ಅಣ್ಣ ಒಂದೇ ಗುದ್ದಿಗೆ ಎರಡನ್ನೂ ಉದುರಿಸಿದ. ನಜ್ಜುಗುಜ್ಜಾದ ಕಾರುಗಳ ತಗಡು ಬಡಿದು ನೆಟ್ಟಗೆ ಮಾಡುವುದು ಅಣ್ಣನ ಕೆಲಸ. ಗ್ಯಾರೇಜಿನವರು ಅವನನ್ನು ಸುತ್ತಿಗೆ ಅನ್ನುತ್ತಿದ್ದರು. ಅವತ್ತಿನಿಂದ ತಮ್ಮನನ್ನು ಬೊಚ್ಚ ಅಂದರು.

ಹಲ್ಲಿನ ಸಂದಿಯಲ್ಲಿ ‘ಸ’ ನಿಲ್ಲುತ್ತಿರಲಿಲ್ಲ, ‘ಹ’ ಆಗಿ ಸೋರಿಹೋಗುತ್ತಿತ್ತು. ಊಟಕ್ಕೆ ಕೂತು ‘ಸಾಕು’ ಅಂದರೆ ಅಮ್ಮನಿಗೆ ‘ಹಾಕು’ ಅಂತ ಕೇಳಿಸಿ ಇನ್ನೊಂದು ಸೌಟು ಬೀಳುತ್ತಿತ್ತು. ಕ್ಷೌರಿಕನಿಗೆ ಸಾಕು ಅಂದರೆ ಕತ್ತರಿ ಇನ್ನಷ್ಟು ಒಳಗೆ ಹೋಗುತ್ತಿತ್ತು. ಮೇಷ್ಟರ ಬೆತ್ತಕ್ಕೆ ಸಾಕು ಅಂದರೆ ಕೇಳುವುದೇ ಬೇಡ. ಬೊಚ್ಚ ದೊಡ್ಡವನಾದ ಮೇಲೆ ಹೋಟೆಲುಗಳಲ್ಲಿ, ಕಾಲೇಜುಗಳಲ್ಲಿ ಮೈಕಿನ ಮುಂದೆ ನಿಂತು ಇದನ್ನೇ ಹೇಳಿ ಹೊಟ್ಟೆ ಹೊರೆದ. ಕೊನೆಯಲ್ಲಿ ಅವನು ಕೈಮುಗಿದು ಸಾಕು ಅನ್ನುತ್ತಿದ್ದ. ಜನ ಚಪ್ಪಾಳೆ ತಟ್ಟುತ್ತ ‘ಹಾಕು, ಹಾಕು’ ಅಂತ ಕೂಗುತ್ತಿದ್ದರು.

ಒಂದು ಟಿವಿ ಚಾನೆಲ್‌ನವರು ಅವನೊಬ್ಬನದೇ ಒಂದು ಗಂಟೆಯ ಕಾರ್ಯಕ್ರಮಕ್ಕೆ ಕರೆದರು. ನಿರ್ದೇಶಕಿ ಅವನ ಬಾಯಿಗೆ ಟಾರ್ಚ್ ಬಿಟ್ಟು ನೋಡಿದಳು.

“ಕ್ಯಾಮೆರಾ ಹತ್ತಿರ ಬಂದ್ರೆ ಇಲಿ ಬಿಲದ ಹಾಗೆ ಕಾಣುತ್ತೆ. ಹಲ್ಲು ಕಟ್ಟಿಸ್ಕೊಂಡು ಬಿಡಿ, ಖರ್ಚು ನಮ್ದು.”

ಚಿತ್ರೀಕರಣದ ಹಿಂದಿನ ದಿನ ದಂತವೈದ್ಯರು ಹಲ್ಲುಗಳನ್ನು ದವಡೆಯ ಮೂಳೆಗೇ ತಿರುಪು ಬಿಗಿದು ಕೂರಿಸಿದರು. ಬೇಕೆಂದಾಗ ಕಳಚಿಡುವ ಹಲ್ಲಲ್ಲ. ಬೊಚ್ಚ ಕನ್ನಡಿಯ ಮುಂದೆ ನಿಂತು ನಕ್ಕು ನೋಡಿಕೊಂಡ, ಮತ್ತೆ ಮತ್ತೆ ನಕ್ಕ. ಜೋಕುಗಳನ್ನು ಎಂದಿನಂತೆ ಮನಸ್ಸಿನಲ್ಲೇ ಒಪ್ಪಿಸಿಕೊಂಡ. ಬಾಯಿಬಿಟ್ಟು ಒಂದನ್ನೂ ಹೇಳಿ ನೋಡಲಿಲ್ಲ.

ಒಂದೇ ದಿನ ಎರಡು ಆಟ, ಬೇರೆ ಬೇರೆ ಪ್ರೇಕ್ಷಕರು. ಚೆನ್ನಾಗಿ ಬಂದದ್ದನ್ನು ಆಯ್ದು ಜೋಡಿಸುವುದು ಅಂತ ಮಾತಾಗಿತ್ತು. ಮೊದಲ ಆಟಕ್ಕೆ ಅಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದ. ಬೊಚ್ಚ ಊಟದ ಕಥೆ ಶುರುಮಾಡಿದ. ಅಮ್ಮ ಸೌಟು ಎತ್ತಿದಳು, ಅವನು ‘ಸಾಕು’ ಅಂದ. ಸಾಕು ಅಂತಲೇ ಬಂತು, ವಾರ್ತೆ ಓದುವವರ ಬಾಯಿಂದ ಬಂದಷ್ಟು ಸ್ಪಷ್ಟವಾಗಿ. ಯಾರೂ ನಗಲಿಲ್ಲ. ಬೇಕಂತಲೇ ನಾಲಿಗೆ ತೊದಲಿಸಿ ‘ಹಾಕು’ ಅಂದ. ಅದು ಇನ್ನೂ ಕೆಟ್ಟದಾಗಿ ಕೇಳಿಸಿತು.

ಹಿಂದಿನಿಂದ ಯಾರೋ ಕೂಗಿದರು: “ಹಲ್ಲು ಕಿರಿದದ್ದು ಸಾಕು, ಜೋಕು ಹಾಕು!”

ಆ ಸಂಜೆ ಜನ ಬಿದ್ದು ಬಿದ್ದು ನಕ್ಕದ್ದು ಅದೊಂದಕ್ಕೆ.

ಪರದೆಯ ಹಿಂದೆ ನಿರ್ದೇಶಕಿ ಮುಖ ನೋಡದೆ ಹೇಳಿದಳು. “ಎರಡನೇದೂ ಹೀಗೇ ಆದ್ರೆ ಇದು ಟಿವೀಲಿ ಬರಲ್ಲ. ಅರ್ಧ ಗಂಟೆ ಟೈಮಿದೆ, ಏನಾದ್ರೂ ಮಾಡಿ.”

ಅಣ್ಣ ಮೇಕಪ್ ಕೋಣೆಗೆ ಬಂದ. ಬೊಚ್ಚ ಬಾಗಿಲಿನ ಚಿಲಕ ಹಾಕಿದ.

“ಅಣ್ಣ, ಒಂದು ಹೊಡಿ.”

“ತಲೆ ಕೆಟ್ಟಿದೆಯೇನೋ?”

“ಅವತ್ತು ಹೊಡೆದ ಜಾಗಕ್ಕೇ. ಒಂದೇ ಒಂದು.”

“ಅವತ್ತು ನಾನು ಕತ್ತೆ ಕಣೋ. ಮುಖ ತೊಳ್ಕೊ ಹೋಗು. ಇದಿಲ್ದಿದ್ರೆ ಇನ್ನೊಂದು ಜೋಕು ಹೇಳಿದ್ರಾಯ್ತು.”

“ಇನ್ನೊಂದು ಇಲ್ಲ.”

ನಿಜಕ್ಕೂ ಇರಲಿಲ್ಲ. ಬೊಚ್ಚ ನೆಲದಲ್ಲಿ ಮಂಡಿಯೂರಿದ. ಕುರ್ಚಿಯ ಎರಡು ಕಾಲು ಹಿಡಿದುಕೊಂಡು, ಅಪ್ಪ ಸತ್ತ ದಿನ ಅಣ್ಣ ಅತ್ತ ಹಾಗೆ ಅಳತೊಡಗಿದ. “ಅಪ್ಪಾ, ಎದ್ದೇಳಪ್ಪಾ, ಇನ್ಮೇಲೆ ಎದುರು ಮಾತಾಡಲ್ಲಪ್ಪಾ…” ಅದೇ ಒಡೆದ ದನಿ, ಮೊಣಕೈಯಲ್ಲಿ ಮೂಗು ಒರೆಸಿಕೊಳ್ಳುವ ಅದೇ ರೀತಿ. ಇದೊಂದನ್ನು ಅವನು ಯಾವ ವೇದಿಕೆಯಲ್ಲೂ ಮಾಡಿರಲಿಲ್ಲ.

“ಬಿಡೋ.”

“ಅಪ್ಪಾ, ನನ್ನ ಬಿಟ್ಟು ಹೋಗ್ಬೇಡಪ್ಪಾ…”

“ಬಿಡು ಅಂದೆ!”

ಬೊಚ್ಚ ಇನ್ನೊಮ್ಮೆ ಮೂಗು ಒರೆಸಿಕೊಂಡ.

ಮೊದಲ ಏಟಿಗೆ ತುಟಿ ಸೀಳಿತು. ಎರಡನೆಯದಕ್ಕೆ ಹೊಸ ಹಲ್ಲು ಬುಡದಲ್ಲಿ ಮುರಿದವು. ಒಂದು ಚೂರು ಅಣ್ಣನ ಬೆರಳಿನ ಗೆಣ್ಣಿಗೆ ನಾಟಿತು. ಬೊಚ್ಚ ನಾಲಿಗೆಯಿಂದ ತಡವಿ ನೋಡಿದ. ಸಂದಿ ವಾಪಸ್ ಬಂದಿತ್ತು. ಅವನಿಗೆ ಬೇಕಾದದ್ದು ಅಷ್ಟೇ. ಕೈ ಎತ್ತಿ ತಡೆದು ‘ಸಾಕು’ ಅಂದ.

‘ಹಾಕು’ ಅಂತ ಬಂತು.

ಅಣ್ಣ ಹಾಕಿದ. ಅವನ ಕೂದಲು ಹಿಡಿದು ತಲೆಯನ್ನು ಕನ್ನಡಿಗೆ ಬಡಿದ. ಕನ್ನಡಿಯ ಸುತ್ತಲಿನ ಬಲ್ಬುಗಳು ಒಡೆದು ಚೂರುಗಳು ಅಂಗಿಯ ಕಾಲರಿನೊಳಕ್ಕೆ ಸುರಿದವು.

“ಹಾಕು! ಹಾಕು, ಅಣ್ಣ!”

“ತಗೋ! ಇನ್ನೂ ಬೇಕಾ?”

ಅಣ್ಣ ತಗಡು ಬಡಿಯುವ ಹಾಗೆ ಬಡಿದ, ಒಂದೇ ಜಾಗಕ್ಕೆ, ಒಂದೇ ಲಯದಲ್ಲಿ. ದವಡೆ ಕಳಕ್ ಅಂತು. ಲೈಟಿನವರು ಬಾಗಿಲು ಒದ್ದು ತೆರೆದು ಅಣ್ಣನನ್ನು ಹಿಂದಕ್ಕೆ ಎಳೆದಾಗಲೂ ಅವನ ಕೈ ಗಾಳಿಯಲ್ಲಿ ಬೀಸುತ್ತಿತ್ತು.

ಆ ಗದ್ದಲದಲ್ಲಿ ಬೊಚ್ಚ ಎದ್ದು, ಗೋಡೆ ಹಿಡಿದುಕೊಂಡು ವೇದಿಕೆಗೆ ನಡೆದ. ಎರಡನೆಯ ಆಟದ ಜನ ಬಂದು ಕೂತಿದ್ದರು. ಅಂಗಿಯ ಮೇಲಿನ ರಕ್ತವನ್ನು ಬಣ್ಣ ಅಂದುಕೊಂಡು ಶಿಳ್ಳೆ ಹೊಡೆದರು. ಅವನು ಕೈಮುಗಿದು ಬಾಯಿ ತೆರೆದ. ಮುರಿದ ದವಡೆಯಿಂದ ‘ಸ’ವೂ ಬರಲಿಲ್ಲ, ‘ಹ’ವೂ ಬರಲಿಲ್ಲ, ರಕ್ತದ ಗುಳ್ಳೆ ಬಂತು. ಹಳೇ ಜೋಕು ಎಲ್ಲರಿಗೂ ಗೊತ್ತಿತ್ತು. ‘ಹಾಕು, ಹಾಕು’ ಅಂತ ಚಪ್ಪಾಳೆ ಶುರುವಾಯಿತು. ಅವನು ಮೈಕಿನ ಸಮೇತ ಮುಗ್ಗರಿಸಿ ಬಿದ್ದ ಮೇಲೂ ಸ್ವಲ್ಪ ಹೊತ್ತು ನಡೆಯಿತು.

ಚಾನೆಲ್‌ನವರು ಎರಡು ಆಟವನ್ನೂ ಕಸಕ್ಕೆ ಹಾಕಿದರು. ಅಣ್ಣ ಬೆರಳಿಗೆ ಚಿಂದಿ ಸುತ್ತಿಕೊಂಡು ಯಾರಿಗೂ ಹೇಳದೆ ಕೆಲಸಕ್ಕೆ ಹೋದ. ಗೆಣ್ಣು ಕೀವಾಗಿ ಕೈ ಮೊಣಕೈವರೆಗೆ ಊದಿದಾಗ ತಮ್ಮ ಮಲಗಿದ್ದ ಆಸ್ಪತ್ರೆಯಲ್ಲೇ ಬೆರಳು ಕತ್ತರಿಸಿದರು. ಸುತ್ತಿಗೆ ಹಿಡಿತಕ್ಕೆ ಕೂರುವುದಿಲ್ಲ ಅಂತ ಗ್ಯಾರೇಜಿನವರು ಅವನನ್ನು ಬಿಡಿಸಿದರು. ಅವನು ಬ್ಯಾಂಡೇಜಿನ ಕೈ ಹೊತ್ತು ತಮ್ಮನ ಮಂಚದ ಹತ್ತಿರ ಬಂದು ನಿಂತ.

“ನೀನೇ ಹಾಕು ಹಾಕು ಅಂದ್ಯಲ್ಲೋ.”

ಬೊಚ್ಚನ ದವಡೆಗೆ ತಂತಿ ಬಿಗಿದಿತ್ತು. ಅಮ್ಮ ಹಾಲಿನ ಲೋಟಕ್ಕೆ ಕೊಳವೆ ಇಟ್ಟು ಅವನ ತುಟಿಗೆ ಹಿಡಿದು, “ಸಾಕಾ, ಹಾಕಲಾ?” ಅಂತ ಕೇಳಿದಳು. ಅವನು ಕೈ ಅಡ್ಡ ಹಿಡಿದ.

ಹೋದದ್ದು: ಹೊಸವು ಎರಡೂ ಸೇರಿ ಹಲ್ಲು ಆರು, ಬೆರಳು ಒಂದು, ಕೆಲಸ ಎರಡು.